ಗೇಮಿಂಗ್ ಪಿಸಿಯೋ, ಕನ್ಸೋಲೋ: ಯಂತ್ರಕ್ಕಿಂತ ಮೊದಲು ಆಟ ನೋಡಿ

ಗೇಮ್ ಆಡಲು ಪಿಸಿ ತಗೊಳ್ಳಲಾ, ಟಿವಿಗೆ ಜೋಡಿಸುವ ಪ್ಲೇಸ್ಟೇಷನ್‌ನಂಥ ಕನ್ಸೋಲ್ ತಗೊಳ್ಳಲಾ ಎಂದು ಯಾರನ್ನಾದರೂ ಕೇಳಿ ನೋಡಿ. ಮಾತು ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಹೋಗುತ್ತದೆ. ಯಾವ ಕಾರ್ಡು, ಎಷ್ಟು ಜಿಬಿ ರ‍್ಯಾಮ್, 4ಕೆಯಲ್ಲಿ ಓಡುತ್ತಾ, ಎಷ್ಟು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಬರುತ್ತೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವಕ್ಕೂ ಮೊದಲು ಇನ್ನೆರಡು ಪ್ರಶ್ನೆ ಇವೆ. ಮುಂದಿನ ಒಂದೆರಡು ವರ್ಷ ನೀವು ಆಡುವ ಆಟಗಳು ಯಾವುವು? ಆ ಆಟಗಳು ಸರಿಯಾಗಿ ಓಡುವಂತೆ ನೋಡಿಕೊಳ್ಳುವ ಕೆಲಸ ಯಾರದು, ನಿಮ್ಮದಾ ಅಥವಾ ಯಂತ್ರ ಮಾಡಿದವರದಾ?

ಎರಡನೇ ಪ್ರಶ್ನೆಯನ್ನು ಕೇಳಿಕೊಳ್ಳುವವರು ಕಡಿಮೆ. ಆದರೆ ಪಿಸಿಗೂ ಕನ್ಸೋಲಿಗೂ ಇರುವ ದೊಡ್ಡ ವ್ಯತ್ಯಾಸ ಅಲ್ಲೇ ಇದೆ. ಉಳಿದ ವ್ಯತ್ಯಾಸಗಳಲ್ಲಿ ಹೆಚ್ಚಿನವು ಅದರಿಂದಲೇ ಹುಟ್ಟಿಕೊಳ್ಳುತ್ತವೆ.

ಒಳಗೆ ಇರುವುದು ಹೆಚ್ಚುಕಮ್ಮಿ ಒಂದೇ

ಹಿಂದೆ ಕನ್ಸೋಲ್ ಅಂದರೆ ಬೇರೆಯೇ ಜಾತಿಯ ಯಂತ್ರ. 2006ರಲ್ಲಿ ಸೋನಿ ತಂದ ಪ್ಲೇಸ್ಟೇಷನ್ 3ರಲ್ಲಿ ಸೆಲ್ ಎಂಬ ಪ್ರೊಸೆಸರ್ ಇತ್ತು. ಮಾಮೂಲಿ ಕಂಪ್ಯೂಟರಿನ ಪ್ರೊಸೆಸರಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಈ ದಾರಿ ಬಿಟ್ಟು ಪಿಸಿಯ ದಾರಿ ಹಿಡಿದವು. ನವೆಂಬರ್ 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಒಳಗೆ ಇರುವುದು ಎಎಂಡಿ ಎಂಬ ಚಿಪ್ ಕಂಪನಿಯ 8 ಕೋರ್ ಝೆನ್ 2 ಪ್ರೊಸೆಸರ್, ಆರ್‌ಡಿಎನ್‌ಎ 2 ಗ್ರಾಫಿಕ್ಸ್, 16 ಜಿಬಿ ಮೆಮೊರಿ, 825 ಜಿಬಿ ಎಸ್‌ಎಸ್‌ಡಿ. ಅದೇ ತಿಂಗಳು ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಅದೇ ಕುಟುಂಬದ್ದು. ಝೆನ್ 2, ಆರ್‌ಡಿಎನ್‌ಎ 2 ಎರಡೂ ಪಿಸಿಗೆ ಸಿಗುತ್ತಿದ್ದ ತಂತ್ರಜ್ಞಾನಗಳೇ.

ಹಾಗಾಗಿ ಕನ್ಸೋಲ್ ಒಳಗೆ ಏನೋ ಜಾದೂ ಇದೆ ಎಂದುಕೊಳ್ಳಬೇಡಿ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕನ್ಸೋಲಿನ 16 ಜಿಬಿಯನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಹಂಚಿಕೊಳ್ಳುತ್ತವೆ. ಡೆಸ್ಕ್‌ಟಾಪ್ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ಮೆಮೊರಿ ಇರುತ್ತದೆ, ಅದನ್ನು ವಿರ‍್ಯಾಮ್ ಅನ್ನುತ್ತಾರೆ. ಈಗಿನ ದೊಡ್ಡ ಆಟಗಳನ್ನು ಕನ್ಸೋಲಿನ ಆ ಹಂಚಿಕೆಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಮಾಡಿರುತ್ತಾರೆ. ಹಾಗಾಗಿ 8 ಜಿಬಿ ವಿರ‍್ಯಾಮ್ ಇರುವ ಕಾರ್ಡು ವೇಗದಲ್ಲಿ ಚೆನ್ನಾಗಿದ್ದರೂ, ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗನ್ನು ಅಲ್ಟ್ರಾಕ್ಕೆ ಏರಿಸಿದ ಕೂಡಲೇ ತಡವರಿಸಬಹುದು. ಹೊಸ ಪಿಸಿ ಕಟ್ಟುವವರು ಕಾರ್ಡಿನ ಹೆಸರಿಗಿಂತ ಮೊದಲು ಈ ಅಂಕಿ ನೋಡುವುದು ಒಳ್ಳೆಯದು.

ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್

ಯಂತ್ರ ಒಂದೇ ಥರ ಅಂದಮೇಲೆ ಅನುಭವ ಯಾಕೆ ಬೇರೆ? ಇದಕ್ಕೆ ಸ್ವಲ್ಪ ಒಳಗೆ ಇಳಿದು ನೋಡಬೇಕು.

ಆಟವೊಂದು ಸೆಕೆಂಡಿಗೆ 60 ಚಿತ್ರ ತೋರಿಸಬೇಕು ಅಂದುಕೊಳ್ಳಿ. ಆಗ ಒಂದೊಂದು ಚಿತ್ರಕ್ಕೆ, ಅಂದರೆ ಒಂದೊಂದು ಫ್ರೇಮಿಗೆ, ಸಿಗುವ ಸಮಯ 16.7 ಮಿಲಿಸೆಕೆಂಡ್. ಅಷ್ಟರೊಳಗೆ ನೀವು ಯಾವ ಬಟನ್ ಒತ್ತಿದಿರಿ ಎಂದು ನೋಡಬೇಕು. ಶತ್ರುಗಳು ಎತ್ತ ಓಡಬೇಕು ಎಂದು ಲೆಕ್ಕ ಹಾಕಬೇಕು. ನೆರಳು, ಬೆಳಕು, ಹುಲ್ಲು, ನೀರು ಎಲ್ಲವನ್ನೂ ಬಿಡಿಸಿ ಪರದೆಗೆ ಕಳಿಸಬೇಕು. ಒಂದು ಫ್ರೇಮಿಗೆ 50 ಮಿಲಿಸೆಕೆಂಡ್ ಹಿಡಿದರೆ ಸಾಕು, ಕಣ್ಣಿಗೆ ಅದು ಜರ್ಕ್ ಆಗಿ ಕಾಣುತ್ತದೆ. ಸರಾಸರಿ ಎಫ್‌ಪಿಎಸ್ 90 ಇದ್ದರೂ ಆಟ ಯಾಕೋ ಹಿತವಾಗಿಲ್ಲ ಅನ್ನಿಸುವುದು ಇದರಿಂದಲೇ. ಸರಾಸರಿ ಅಂಕಿಗಿಂತ ಎಲ್ಲ ಫ್ರೇಮುಗಳೂ ಸಮವಾಗಿ ಬರುವುದು ಜಾಸ್ತಿ ಮುಖ್ಯ.

ಕನ್ಸೋಲಿಗೆ ಆಟ ಮಾಡುವವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಅವರ ಮೇಜಿನ ಮೇಲಿರುವ ಯಂತ್ರ ಯಾವುದೋ, ನಿಮ್ಮ ಟಿವಿ ಕೆಳಗೆ ಇರುವುದೂ ಅದೇ. ಈ ಸೇತುವೆ ಹತ್ತಿರ ಬಂದಾಗ ಫ್ರೇಮಿಗೆ 19 ಮಿಲಿಸೆಕೆಂಡ್ ಆಗುತ್ತಿದೆ ಎಂದು ಅವರು ಅಳೆದು ನೋಡಬಹುದು. ಅಲ್ಲಿ ನೆರಳನ್ನು ಸ್ವಲ್ಪ ಇಳಿಸಿ 16ಕ್ಕೆ ತರಬಹುದು. ನೀವು ಆಟ ಶುರು ಮಾಡುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ನಿಮಗೆ ಸಿಗುವುದು ಬಹುಪಾಲು ಒಂದೇ ಆಯ್ಕೆ: ಚಿತ್ರ ಚೆನ್ನಾಗಿರಬೇಕಾ, ವೇಗ ಚೆನ್ನಾಗಿರಬೇಕಾ.

ಪಿಸಿಗೆ ಆಟ ಮಾಡುವವರಿಗೆ ಈ ಅನುಕೂಲ ಇಲ್ಲ. ಎನ್ವಿಡಿಯಾ, ಎಎಂಡಿ, ಇಂಟೆಲ್ ಕಾರ್ಡುಗಳು, ಹತ್ತಾರು ಪೀಳಿಗೆಯ ಪ್ರೊಸೆಸರುಗಳು, ಕಾರ್ಡನ್ನು ನಡೆಸುವ ಬೇರೆ ಬೇರೆ ಡ್ರೈವರ್ ತಂತ್ರಾಂಶಗಳು. ಎಲ್ಲವನ್ನೂ ಅಳೆದು ನೋಡಲು ಸಾಧ್ಯವೇ ಇಲ್ಲ. ಅದಕ್ಕೇ ಅವರು ಕೀಲಿಗಳನ್ನು ನಿಮ್ಮ ಕೈಗೆ ಕೊಡುತ್ತಾರೆ. ಗ್ರಾಫಿಕ್ಸ್ ಸೆಟ್ಟಿಂಗ್ಸ್ ಎಂಬ ಆ ಉದ್ದದ ಮೆನು ಅಂದರೆ ಅದೇ. ಕನ್ಸೋಲಿನಲ್ಲಿ ಬೇರೆ ಯಾರೋ ಮಾಡಿ ಮುಗಿಸಿದ ಕೆಲಸವನ್ನು ಇಲ್ಲಿ ನೀವು ಮಾಡುತ್ತೀರಿ.

ಇದು ಎಷ್ಟು ಆಳಕ್ಕೆ ಹೋಗುತ್ತದೆ ಎನ್ನುವುದಕ್ಕೆ ಶೇಡರ್ ಒಳ್ಳೆಯ ಉದಾಹರಣೆ. ಲೋಹ ಹೇಗೆ ಹೊಳೆಯಬೇಕು, ಹೊಗೆ ಹೇಗೆ ಹರಡಬೇಕು ಎಂದು ಗ್ರಾಫಿಕ್ಸ್ ಚಿಪ್‌ಗೆ ಹೇಳುವ ಸಣ್ಣ ಸಣ್ಣ ಪ್ರೋಗ್ರಾಮುಗಳಿಗೆ ಶೇಡರ್ ಅನ್ನುತ್ತಾರೆ. ಒಂದು ದೊಡ್ಡ ಆಟದಲ್ಲಿ ಇಂಥವು ಸಾವಿರಗಟ್ಟಲೆ ಇರುತ್ತವೆ. ಚಿಪ್ ಓಡಿಸಬೇಕಾದರೆ ಇವನ್ನು ಆ ಚಿಪ್‌ಗೆ ಅರ್ಥವಾಗುವ ರೂಪಕ್ಕೆ ಕಂಪೈಲ್ ಮಾಡಬೇಕು. ಕನ್ಸೋಲಿನಲ್ಲಿ ಚಿಪ್ ಯಾವುದು ಎಂದು ಮೊದಲೇ ಗೊತ್ತಿರುವುದರಿಂದ ಎಲ್ಲ ಕಂಪೈಲ್ ಆಗಿಯೇ ಆಟದ ಜೊತೆ ಬರುತ್ತದೆ. ಪಿಸಿಯಲ್ಲಿ ಹಾಗಾಗುವುದಿಲ್ಲ. ಆ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ಆಗಬೇಕು. ಕೆಲವು ಆಟಗಳು ಮೊದಲ ಸಲ ತೆರೆದಾಗ ‘ಶೇಡರ್ ಕಂಪೈಲ್ ಆಗುತ್ತಿದೆ’ ಎಂದು ನಿಮ್ಮನ್ನು ಕಾಯಿಸುತ್ತವೆ. ಇನ್ನು ಕೆಲವು ಕಾಯಿಸುವುದಿಲ್ಲ, ಆಟದ ನಡುವೆಯೇ ಕಂಪೈಲ್ ಮಾಡುತ್ತವೆ. ಆಗ ಹೊಸ ಜಾಗಕ್ಕೆ ಕಾಲಿಟ್ಟಾಗ, ಮೊದಲ ಬಾರಿ ಸ್ಫೋಟ ಆದಾಗ, ಆಟ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಎಂಥ ದುಬಾರಿ ಕಾರ್ಡು ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಡ್ರೈವರ್ ಅಪ್‌ಡೇಟ್ ಆದರೆ ಹಳೆಯ ಕಂಪೈಲ್ ಕೆಲಸಕ್ಕೆ ಬರದೆ ಮತ್ತೆ ಮೊದಲಿಂದ ಶುರುವಾಗಬಹುದು.

ಮಾರ್ಚ್ 2023ರಲ್ಲಿ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ ಆಟಗಾರರು ಇದನ್ನು ಚೆನ್ನಾಗಿ ಅನುಭವಿಸಿದರು. ಕನ್ಸೋಲಿನಲ್ಲಿ ನಯವಾಗಿ ಓಡಿದ ಆಟ, ಪಿಸಿಯಲ್ಲಿ ಶೇಡರ್ ಕಂಪೈಲ್ ಮುಗಿಯಲಿ ಎಂದು ತುಂಬ ಹೊತ್ತು ಕಾಯಿಸಿತು. ನಂತರದ ಪ್ಯಾಚುಗಳಲ್ಲಿ, ಅಂದರೆ ತಿದ್ದುಪಡಿಗಳಲ್ಲಿ, ಸುಧಾರಿಸಿತು, ಆದರೆ ಮೊದಲ ದಿನವೇ ತಗೊಂಡವರ ಖುಷಿ ಅಷ್ಟರಲ್ಲಿ ಹಾಳಾಗಿತ್ತು. ಪಿಸಿಯವರಿಗೆ ನನ್ನ ಸಲಹೆ ಇಷ್ಟೇ: ದೊಡ್ಡ ಆಟವನ್ನು ಬಿಡುಗಡೆಯ ದಿನವೇ ಕೊಳ್ಳಬೇಡಿ, ಒಂದೆರಡು ಪ್ಯಾಚ್ ಬರಲಿ.

ಹಾಗಾದರೆ ಪಿಸಿ ಯಾಕೆ ಬೇಕು?

ಆ ಕೀಲಿಗಳು ಕೈಯಲ್ಲಿರುವುದೇ ಕೆಲವರಿಗೆ ಸುಖ. ಇದನ್ನು ಹಗುರವಾಗಿ ನೋಡಬಾರದು. ಒಬ್ಬರಿಗೆ ನೆರಳು ಹೇಗಿದ್ದರೂ ಸರಿ, 144 ಎಫ್‌ಪಿಎಸ್ ಬೇಕು. ಇನ್ನೊಬ್ಬರಿಗೆ 60 ಸಾಕು, ಕಾಡಿನ ಒಂದೊಂದು ಎಲೆಯೂ ಕಾಣಬೇಕು. ಪಿಸಿ ಇಬ್ಬರಿಗೂ ಆಗುತ್ತದೆ. ಕಣ್ಣಿನ ಸಮಸ್ಯೆ ಇರುವವರು ಅಕ್ಷರ ದೊಡ್ಡದು ಮಾಡುವ ಮಾಡ್ (ಆಟವನ್ನು ಬದಲಿಸಲು ಆಟಗಾರರೇ ಮಾಡಿದ ತುಣುಕು) ಹಾಕಿಕೊಳ್ಳಬಹುದು. ಕೈಗೆ ಮಾಮೂಲಿ ಕಂಟ್ರೋಲರ್ ಒಗ್ಗದವರು ತಮಗೆ ಬೇಕಾದ ಸಾಧನ ಜೋಡಿಸಿಕೊಳ್ಳಬಹುದು. 2011ರ ‘ಸ್ಕೈರಿಮ್’ ಇವತ್ತಿಗೂ ಹೊಸದಾಗಿ ಕಾಣುವುದು ಮಾಡ್ ಮಾಡುವವರಿಂದ. ಅಂಥ ಸಮುದಾಯಕ್ಕೆ ಮುಖ್ಯ ನೆಲೆ ಪಿಸಿಯೇ.

ಪಿಸಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸಬಹುದು ಎನ್ನುವುದೂ ನಿಜ. ಎಎಂಡಿಯ ಎಎಂ4 ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಮೊದಲ ರೈಜನ್ ಪ್ರೊಸೆಸರ್ ಹಾಕಿದ್ದ ಎಷ್ಟೋ ಮದರ್‌ಬೋರ್ಡುಗಳು ಬಯಾಸ್ ಎಂಬ ಬೋರ್ಡಿನ ಮೂಲ ತಂತ್ರಾಂಶ ಅಪ್‌ಡೇಟ್ ಮಾಡಿದ ಮೇಲೆ 2022ರ ರೈಜನ್ 7 5800ಎಕ್ಸ್3ಡಿಯನ್ನೂ ಒಪ್ಪಿಕೊಂಡವು. ಐದು ವರ್ಷದ ಹಳೆಯ ಬೋರ್ಡಿಗೆ ಆ ಕಾಲದ ಅತಿ ವೇಗದ ಗೇಮಿಂಗ್ ಪ್ರೊಸೆಸರುಗಳಲ್ಲೊಂದು! ಆದರೆ ಎಲ್ಲ ಸಾಕೆಟ್‌ಗಳೂ ಇಷ್ಟು ದಿನ ಬಾಳುವುದಿಲ್ಲ. ಪಿಸಿ ಕಟ್ಟುವಾಗ ಇವತ್ತಿನ ಪ್ರೊಸೆಸರಿನ ಜೊತೆಗೆ ಆ ಸಾಕೆಟ್‌ಗೆ ಇನ್ನೂ ಹೊಸ ಪ್ರೊಸೆಸರ್ ಬರುವುದಿದೆಯಾ ಎಂದೂ ಕೇಳಿ.

ಇನ್ನು ಪಿಸಿಯಲ್ಲಿ ಬೇರೆ ಕೆಲಸವೂ ಆಗುತ್ತದೆ. ವಿಡಿಯೋ ಎಡಿಟ್ ಮಾಡುವವರಿಗೆ, 3ಡಿ ಕಲಿಯುವವರಿಗೆ, ಕೋಡ್ ಬರೆಯುವವರಿಗೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಎರಡು ಕಡೆ ಹಂಚಿಹೋಗುತ್ತದೆ. ಆದರೆ ಈ ಕಾರಣ ನಿಮ್ಮ ಪಾಲಿಗೆ ನಿಜವಾಗಿಯೂ ಇದೆಯಾ ಎಂದು ಯೋಚಿಸಿ. ಮನೆಯಲ್ಲಿ ಆಗಲೇ ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದು, ಕೆಲಸವೆಲ್ಲ ಅದರಲ್ಲೇ ಆಗುತ್ತಿದ್ದರೆ, ‘ಓದಿಗೂ ಆಗುತ್ತೆ’ ಎಂಬ ಮಾತು ಸುಮ್ನೆ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತಾಗುತ್ತದೆ.

ಗೇಮಿಂಗ್ ಲ್ಯಾಪ್‌ಟಾಪ್ ನೋಡುತ್ತಿರುವವರಿಗೆ ಒಂದು ಎಚ್ಚರಿಕೆ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು, ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4090 ಎರಡೂ ಒಂದೇ ಚಿಪ್ ಅಲ್ಲ. ಡೆಸ್ಕ್‌ಟಾಪಿನದಕ್ಕೆ 24 ಜಿಬಿ ವಿರ‍್ಯಾಮ್, 450 ವಾಟ್. ಲ್ಯಾಪ್‌ಟಾಪಿನದಕ್ಕೆ 16 ಜಿಬಿ, ವಿದ್ಯುತ್ತೂ ಅದರ ಅರ್ಧಕ್ಕಿಂತ ಕಡಿಮೆ. ಅದೂ ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಬದಲಾಗುತ್ತದೆ. ಹೆಸರು ನೋಡಿ ಕೊಳ್ಳಬೇಡಿ, ಆ ಮಾಡೆಲ್ ಕಾರ್ಡಿಗೆ ಎಷ್ಟು ವಾಟ್ ಕೊಡುತ್ತದೆ ಎಂದು ನೋಡಿ.

ಆಟಗಳೇ ತೀರ್ಮಾನ ಮಾಡುವ ಜಾಗ

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಹಾಳೆ ತಗೊಂಡು ನೀವು ಆಡಲೇಬೇಕು ಅಂದುಕೊಂಡಿರುವ ಆಟಗಳ ಹೆಸರು ಬರೆಯಿರಿ. ‘ಆಡಿದರೆ ಚೆನ್ನ’ ಅನ್ನುವಂಥವು ಬೇಡ, ಆಡಲೇಬೇಕಾದವು ಮಾತ್ರ. ಎಷ್ಟೋ ಸಲ ಆ ಪಟ್ಟಿಯೇ ತೀರ್ಮಾನ ಹೇಳಿಬಿಡುತ್ತದೆ.

ಮಾರಿಯೋ, ಜೆಲ್ಡಾ, ಪೋಕೆಮಾನ್ ಬೇಕು ಅಂದರೆ ಬೇರೆ ಮಾತೇ ಇಲ್ಲ. ನಿಂಟೆಂಡೊ ತನ್ನ ಈ ದೊಡ್ಡ ಆಟಗಳನ್ನು ಪಿಸಿಗೆ ತರುವುದಿಲ್ಲ. ಅವನ್ನು ಆಡಲು ಸ್ವಿಚ್ ಅಥವಾ ಜೂನ್ 2025ರಲ್ಲಿ ಬಂದ ಸ್ವಿಚ್ 2 ಬೇಕು. ಸೋನಿಯ ಆಟಗಳಲ್ಲಿ ಹಲವು ಪಿಸಿಗೆ ಬಂದಿವೆ, ಆದರೆ ನಿಧಾನವಾಗಿ. ‘ಗಾಡ್ ಆಫ್ ವಾರ್’ ಪ್ಲೇಸ್ಟೇಷನ್‌ಗೆ ಬಂದಿದ್ದು ಏಪ್ರಿಲ್ 2018ರಲ್ಲಿ, ಪಿಸಿಗೆ ಜನವರಿ 2022ರಲ್ಲಿ. ‘ಗೋಸ್ಟ್ ಆಫ್ ತ್ಸುಶಿಮಾ’ 2020ರಲ್ಲಿ ಬಂದು, ಪಿಸಿಗೆ ಮುಟ್ಟಿದ್ದು ಮೇ 2024ಕ್ಕೆ. ‘ಜಿಟಿಎ’ ಆಟಗಳನ್ನು ಮಾಡುವ ರಾಕ್‌ಸ್ಟಾರ್‌ನವರದೂ ಇದೇ ರೂಢಿ. ‘ಜಿಟಿಎ 5’ ಸೆಪ್ಟೆಂಬರ್ 2013ರಲ್ಲಿ ಕನ್ಸೋಲಿಗೆ ಬಂದರೆ, ಪಿಸಿಗೆ ಬರುವಾಗ ಏಪ್ರಿಲ್ 2015 ಆಗಿತ್ತು. ‘ಜಿಟಿಎ 6’ ಕೂಡ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಎಂದೇ ಘೋಷಣೆಯಾಗಿರುವುದು. ಕಾಯುವ ತಾಳ್ಮೆ ಇರುವವರಿಗೆ ಪಿಸಿ ಸಾಕು. ಮೊದಲ ವಾರವೇ ಗೆಳೆಯರ ಜೊತೆ ಆಡಬೇಕು ಅನ್ನುವವರಿಗೆ ಸಾಲುವುದಿಲ್ಲ. ಮೈಕ್ರೋಸಾಫ್ಟ್ ಮಾತ್ರ ತನ್ನ ಆಟಗಳನ್ನು ಬಹಳ ವರ್ಷದಿಂದ ಪಿಸಿಗೂ ಅದೇ ದಿನ ಕೊಡುತ್ತಿದೆ. ಹಾಗಾಗಿ ಒಳ್ಳೆಯ ಪಿಸಿ ಇರುವವರಿಗೆ ಎಕ್ಸ್‌ಬಾಕ್ಸ್ ಬೇಕೇಬೇಕು ಅನ್ನಲು ಕಾರಣ ಕಡಿಮೆ.

ಇನ್ನೊಂದು ಕಡೆ, ‘ಕೌಂಟರ್-ಸ್ಟ್ರೈಕ್ 2’, ‘ಡೋಟಾ 2’, ‘ಲೀಗ್ ಆಫ್ ಲೆಜೆಂಡ್ಸ್’ ಈಗಿನ ಕನ್ಸೋಲುಗಳಲ್ಲಿ ಇಲ್ಲವೇ ಇಲ್ಲ. ನೂರಾರು ಸೈನಿಕರನ್ನು ಒಟ್ಟಿಗೆ ನಡೆಸುವ ತಂತ್ರದ ಆಟಗಳು ಕನ್ಸೋಲಿಗೆ ಬಂದರೂ ಮೌಸಿನಲ್ಲಿ ಸಿಗುವ ಹಿಡಿತ ಕಂಟ್ರೋಲರಿನಲ್ಲಿ ಸಿಗುವುದಿಲ್ಲ. ಅಂಥ ಆಟಗಳ ಮೇಲೆ ಪ್ರೀತಿ ಇರುವವರಿಗೆ ನಾನು ಕನ್ಸೋಲ್ ಹೇಳುವುದಿಲ್ಲ.

ಗೆಳೆಯರು ಯಾವುದರಲ್ಲಿ ಆಡುತ್ತಾರೆ ಎನ್ನುವುದೂ ಪಟ್ಟಿಗೆ ಸೇರಬೇಕು. ಬೇರೆ ಬೇರೆ ಯಂತ್ರದವರು ಒಟ್ಟಿಗೆ ಆಡುವ ಕ್ರಾಸ್‌ಪ್ಲೇ ಈಗ ತುಂಬ ಆಟಗಳಲ್ಲಿದೆ. ಎಲ್ಲದರಲ್ಲೂ ಇಲ್ಲ. ‘ವ್ಯಾಲರಂಟ್’ 2024ರಲ್ಲಿ ಕನ್ಸೋಲಿಗೆ ಬಂತು, ಆದರೆ ಕನ್ಸೋಲಿನವರಿಗೂ ಪಿಸಿಯವರಿಗೂ ಒಂದೇ ಮ್ಯಾಚಿನಲ್ಲಿ ಜಾಗ ಕೊಡಲಿಲ್ಲ. ಮೌಸಿನವರ ಎದುರು ಕಂಟ್ರೋಲರಿನವರು ನಿಲ್ಲುವುದು ಕಷ್ಟ ಎನ್ನುವುದೇ ಕಾರಣ.

ಮಧ್ಯದ ದಾರಿ

ಇಷ್ಟು ಓದಿದ ಮೇಲೆ ಸಹಜವಾಗಿ ಒಂದು ಆಸೆ ಹುಟ್ಟುತ್ತದೆ. ಪಿಸಿಯ ಆಟಗಳು ಬೇಕು, ಕನ್ಸೋಲಿನ ನಿರಾಳತೆಯೂ ಬೇಕು. ಈ ಆಸೆಗೆ ಉತ್ತರ ಹುಡುಕುವ ಕೆಲಸ ಬಹಳ ವರ್ಷದಿಂದ ನಡೆಯುತ್ತಿದೆ. ಮೊದಲ ಪ್ರಯತ್ನ ಸೋತಿದ್ದು ಯಾಕೆ, ಎರಡನೆಯದು ಗೆದ್ದಿದ್ದು ಯಾಕೆ ಎಂದು ತಿಳಿದರೆ ಇವತ್ತು ಏನನ್ನು ನಂಬಬಹುದು ಎಂಬುದು ಗೊತ್ತಾಗುತ್ತದೆ.

ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2015ರಲ್ಲಿ ಬೇರೆ ತಯಾರಕರ ಜೊತೆ ಸೇರಿ ಸ್ಟೀಮ್ ಮಷೀನ್ ಎಂಬ ಪೆಟ್ಟಿಗೆಗಳನ್ನು ತಂದಿತು. ಟಿವಿಗೆ ಜೋಡಿಸುವ ಪಿಸಿಗಳು, ಒಳಗೆ ವಿಂಡೋಸ್ ಬದಲು ಲಿನಕ್ಸ್ ಆಧಾರಿತ ಸ್ಟೀಮ್ಓಎಸ್. ಯೋಚನೆ ಚೆನ್ನಾಗಿತ್ತು, ಆದರೆ ಆಟಗಳು ಇರಲಿಲ್ಲ. ಒಂದೊಂದು ಆಟವನ್ನೂ ಅದನ್ನು ಮಾಡಿದವರೇ ಲಿನಕ್ಸಿಗೆ ತರಬೇಕಿತ್ತು. ಹೆಚ್ಚಿನವರು ತರಲಿಲ್ಲ. ಪೆಟ್ಟಿಗೆಗಳು ಮೂಲೆ ಸೇರಿದವು.

ಆಗಸ್ಟ್ 2018ರಲ್ಲಿ ವಾಲ್ವ್ ಪ್ರೋಟಾನ್ ಎಂಬ ತಂತ್ರಾಂಶ ಬಿಟ್ಟಿತು. ಇದು ವಿಂಡೋಸ್ ಆಟಕ್ಕೂ ಲಿನಕ್ಸಿಗೂ ನಡುವೆ ನಿಲ್ಲುವ ದುಭಾಷಿ. ಆಟ ವಿಂಡೋಸನ್ನು ಏನೋ ಕೇಳುತ್ತದೆ, ಪ್ರೋಟಾನ್ ಅದನ್ನು ಲಿನಕ್ಸಿಗೆ ತಿಳಿಯುವಂತೆ ಹೇಳುತ್ತದೆ. ವಿಂಡೋಸಿನ ಡೈರೆಕ್ಟ್ಎಕ್ಸಿನಲ್ಲಿ ಬಂದ ಗ್ರಾಫಿಕ್ಸ್ ಕರೆಗಳನ್ನು ಲಿನಕ್ಸಿಗೆ ಗೊತ್ತಿರುವ ವಲ್ಕನ್‌ಗೆ ಬದಲಾಯಿಸಿ ಕೊಡುತ್ತದೆ. ಆಟ ಮಾಡಿದವರು ಏನೂ ಮಾಡಬೇಕಿಲ್ಲ. ಇದಕ್ಕೆ ಬುನಾದಿ 1993ರಿಂದ ನಡೆದುಬಂದ ವೈನ್ ಎಂಬ ಮುಕ್ತ ಯೋಜನೆ. ಹಿಂದೆ ಕೊರತೆಯಾಗಿದ್ದ ಆಟಗಳು ಹೀಗೆ ಸಾವಿರಗಟ್ಟಲೆ ಸಿಕ್ಕವು. ಫೆಬ್ರವರಿ 2022ರಲ್ಲಿ ವಾಲ್ವ್‌ನ ಹ್ಯಾಂಡ್‌ಹೆಲ್ಡ್ (ಕೈಯಲ್ಲೇ ಹಿಡಿದು ಆಡುವ ಯಂತ್ರ) ಸ್ಟೀಮ್ ಡೆಕ್ ಬಂದಾಗ ಜನ ಕೈಯಲ್ಲಿ ಹಿಡಿದಿದ್ದು ಒಂದು ಲಿನಕ್ಸ್ ಪಿಸಿ, ಆದರೆ ಅದು ಅವರಿಗೆ ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ.

ಡೆಕ್‌ನ ಚಿಪ್ ಬಲಶಾಲಿ ಏನಲ್ಲ. ನಾಲ್ಕು ಕೋರ್, ಹೆಚ್ಚೆಂದರೆ 15 ವಾಟ್. ಆದರೆ ಅದರ ಪರದೆ 1280×800, ಅಂದರೆ ಸುಮಾರು 10 ಲಕ್ಷ ಪಿಕ್ಸೆಲ್. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಇರುತ್ತವೆ. ತುಂಬಬೇಕಾದ ಚುಕ್ಕಿಗಳು ಎಂಟರಲ್ಲಿ ಒಂದು ಪಾಲು ಆದ್ದರಿಂದ ಸಣ್ಣ ಚಿಪ್ ಕೂಡ ದೊಡ್ಡ ಆಟ ಓಡಿಸುತ್ತದೆ. ಅದನ್ನೇ 4ಕೆ ಟಿವಿಗೆ ಜೋಡಿಸಿ ಪ್ಲೇಸ್ಟೇಷನ್ 5ರ ಥರ ಕಾಣಲಿ ಎಂದರೆ ಆಗುವುದಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ 40 ಎಫ್‌ಪಿಎಸ್. 30ರಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಇವೆರಡರ ನಟ್ಟನಡುವೆ ಇರುವುದು 25. ಅದು 45 ಎಫ್‌ಪಿಎಸ್ ಅಲ್ಲ, 40. ಅಂದರೆ 30ರಿಂದ ಬರೀ 10 ಜಾಸ್ತಿ ಮಾಡಿದರೆ ಸಮಯದ ಲೆಕ್ಕದಲ್ಲಿ 60ರ ಅರ್ಧ ದಾರಿ ಕ್ರಮಿಸಿದ ಹಾಗೆ. ಎಲ್‌ಸಿಡಿ ಪರದೆಯ ಡೆಕ್‌ನಲ್ಲಿ ಪರದೆಯನ್ನು 40 ಹರ್ಟ್ಸ್‌ಗೆ (ಸೆಕೆಂಡಿಗೆ 40 ಸಲ ಚಿತ್ರ ಬದಲಿಸುವಂತೆ) ಇಳಿಸಿ, ಆಟವನ್ನೂ 40ಕ್ಕೆ ಕಟ್ಟಿಹಾಕಿದರೆ, ಬ್ಯಾಟರಿಯೂ ಉಳಿಯುತ್ತದೆ, ಕೈಗೂ ಹಿತವಾಗಿರುತ್ತದೆ. 120 ಹರ್ಟ್ಸ್ ಟಿವಿ ಇದ್ದರೆ ಕೆಲವು ಕನ್ಸೋಲ್ ಆಟಗಳಲ್ಲೂ ಈ 40ರ ಮೋಡ್ ಸಿಗುತ್ತದೆ, ಯಾಕೆಂದರೆ 120ನ್ನು 40 ಸಮವಾಗಿ ಭಾಗಿಸುತ್ತದೆ. ನಿಮ್ಮ ಆಟದಲ್ಲಿ ಈ ಆಯ್ಕೆ ಕಂಡರೆ ಒಮ್ಮೆ ಹಾಕಿ ನೋಡಿ.

ಡೆಕ್ ಇಷ್ಟು ನಿರಾಳವಾಗಿರುವುದರ ಗುಟ್ಟು ಕನ್ಸೋಲಿನದೇ. ಎಲ್ಲ ಡೆಕ್‌ಗಳ ಒಳಗೂ ಹೆಚ್ಚುಕಮ್ಮಿ ಒಂದೇ ಹಾರ್ಡ್‌ವೇರ್. ಹಾಗಾಗಿ ಸ್ಟೀಮ್ ಕಂಪೈಲ್ ಆದ ಶೇಡರುಗಳನ್ನು ಆಟದ ಜೊತೆಗೇ ಇಳಿಸಿಕೊಡಬಹುದು. 2022ರಲ್ಲಿ ‘ಎಲ್ಡನ್ ರಿಂಗ್’ ಬಂದಾಗ ವಿಂಡೋಸ್ ಪಿಸಿಗಳಲ್ಲಿ ಜರ್ಕ್ ಇತ್ತು. ವಾಲ್ವ್‌ನ ತಂಡ ಡೆಕ್‌ನ ಕಡೆಯಿಂದಲೇ ಅದನ್ನು ಬಹುಮಟ್ಟಿಗೆ ಸರಿಪಡಿಸಿತು. ಪವರ್ ಬಟನ್ ಕೂಡ ಹಾಗೆಯೇ. ಹೋರಾಟದ ನಡುವೆ ಒಂದು ಸಲ ಒತ್ತಿ, ಯಂತ್ರ ಮಲಗುತ್ತದೆ. ಮಾರನೇ ದಿನ ಮತ್ತೆ ಒತ್ತಿ, ಕತ್ತಿ ಎತ್ತಿದ ಕೈ ಅಲ್ಲೇ ಇರುತ್ತದೆ. ವಿಂಡೋಸ್ ಹ್ಯಾಂಡ್‌ಹೆಲ್ಡುಗಳಲ್ಲಿ ಇದನ್ನು ಇಷ್ಟು ಧೈರ್ಯವಾಗಿ ನಂಬುವ ಹಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಮಾತ್ರ ಸಿಗುವವರಿಗೆ ಈ ಒಂದು ಬಟನ್ ಹತ್ತು ಟೆರಾಫ್ಲಾಪ್ ಗ್ರಾಫಿಕ್ಸ್ ಬಲಕ್ಕಿಂತ ದೊಡ್ಡದು.

ಆದರೆ ಇಲ್ಲೊಂದು ಗಟ್ಟಿ ಗೋಡೆ ಇದೆ. ಅದೇ ಆಂಟಿ-ಚೀಟ್. ಆನ್‌ಲೈನ್ ಆಟಗಳಲ್ಲಿ ಮೋಸ ತಡೆಯುವ ಕೆಲವು ತಂತ್ರಾಂಶಗಳು ವಿಂಡೋಸಿನ ತೀರ ಒಳಗೆ, ಕರ್ನೆಲ್ ಮಟ್ಟದಲ್ಲಿ ಕೂತಿರುತ್ತವೆ. ಪ್ರೋಟಾನ್ ಅಲ್ಲಿಗೆ ಮುಟ್ಟುವುದಿಲ್ಲ. ‘ವ್ಯಾಲರಂಟ್’, ‘ಫೋರ್ಟ್‌ನೈಟ್’ ಸ್ಟೀಮ್ಓಎಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ‘ಏಪೆಕ್ಸ್ ಲೆಜೆಂಡ್ಸ್’ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಅದನ್ನು ನಡೆಸುವವರೇ ಲಿನಕ್ಸ್ ಬೆಂಬಲ ನಿಲ್ಲಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ‘ಜಿಟಿಎ ಆನ್‌ಲೈನ್’ಗೆ ಹೊಸ ಆಂಟಿ-ಚೀಟ್ ಬಂದು ಡೆಕ್ ಇದ್ದವರು ಹೊರಗೆ ಉಳಿದರು. ಇವತ್ತು ಓಡುವ ಆನ್‌ಲೈನ್ ಆಟ ನಾಳೆಯೂ ಓಡುತ್ತದೆ ಎಂಬ ಖಾತ್ರಿ ಇಲ್ಲಿ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇಂಥ ಆಟಗಳೇ ಜಾಸ್ತಿ ಇದ್ದರೆ ವಿಂಡೋಸ್ ಪಿಸಿ ಅಥವಾ ಕನ್ಸೋಲ್ ತಗೊಳ್ಳಿ, ಮಧ್ಯದ ದಾರಿ ಬೇಡ. ಒಬ್ಬರೇ ಆಡುವ ಆಟಗಳು, ಸಣ್ಣ ತಂಡಗಳ ಇಂಡಿ ಆಟಗಳು, ಹಳೆಯ ಆಟಗಳು ಇಷ್ಟವಾದರೆ ನಾನು ಮೊದಲು ಹೇಳುವುದೇ ಡೆಕ್‌ನಂಥ ಯಂತ್ರ.

ನವೆಂಬರ್ 2025ರಲ್ಲಿ ವಾಲ್ವ್ ಮತ್ತೆ ಸ್ಟೀಮ್ ಮಷೀನ್ ಎಂಬ ಅದೇ ಹೆಸರಿನಲ್ಲಿ ಟಿವಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯನ್ನು ಘೋಷಿಸಿತು. ಆರು ಕೋರ್ ಝೆನ್ 4, ಆರ್‌ಡಿಎನ್‌ಎ 3 ಗ್ರಾಫಿಕ್ಸ್, 8 ಜಿಬಿ ವಿರ‍್ಯಾಮ್. ಈ ಸಲ ಜೊತೆಗೆ ಪ್ರೋಟಾನ್ ಇದೆ. ಮೈಕ್ರೋಸಾಫ್ಟ್ ಕೂಡ ಎದುರಿನಿಂದ ಇದೇ ಕಡೆಗೆ ಬರುತ್ತಿದೆ. ಅಕ್ಟೋಬರ್ 2025ರ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಂಬ ಹ್ಯಾಂಡ್‌ಹೆಲ್ಡ್ ವಿಂಡೋಸ್ ಯಂತ್ರವೇ, ಆದರೆ ಆನ್ ಮಾಡಿದರೆ ಕನ್ಸೋಲಿನಂಥ ಪೂರ್ಣ ಪರದೆ ಕಾಣುತ್ತದೆ. ಆಂಟಿ-ಚೀಟ್ ಗೋಡೆ ಅದಕ್ಕಿಲ್ಲ. ವಿಂಡೋಸಿನ ಅಪ್‌ಡೇಟು, ಪಾಪ್‌ಅಪ್‌ಗಳು ಇವೆ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚು

ಕನ್ಸೋಲ್ ಅಗ್ಗ ಎಂಬ ಮಾತು ಕೊಳ್ಳುವ ದಿನಕ್ಕೆ ಬಹುಪಾಲು ನಿಜ. ಅದೇ ಹಣಕ್ಕೆ ಅಷ್ಟೇ ಚೆನ್ನಾಗಿ ಆಟ ಓಡಿಸುವ ಹೊಸ ಪಿಸಿ ಕಟ್ಟುವುದು ಕಷ್ಟ. ಕಂಪನಿಗಳು ಯಂತ್ರದಲ್ಲಿ ಲಾಭ ಕಡಿಮೆ ಇಟ್ಟುಕೊಂಡು ಆಟ ಮತ್ತು ಚಂದಾದಲ್ಲಿ ದುಡಿಯುತ್ತವೆ. ಪ್ಲೇಸ್ಟೇಷನ್‌ನಲ್ಲಿ ಹಣ ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಇತರರ ಜೊತೆ ಆಡಬೇಕಾದರೆ ಸಾಮಾನ್ಯವಾಗಿ ಪಿಎಸ್ ಪ್ಲಸ್ ಚಂದಾ ಬೇಕು. ‘ಫೋರ್ಟ್‌ನೈಟ್’ ಥರದ ಉಚಿತ ಆಟಗಳಿಗೆ ಬೇಡ. ಪಿಸಿಯಲ್ಲಿ ಆನ್‌ಲೈನ್ ಆಡಲು ಇಂಥ ಚಂದಾ ಇಲ್ಲ. ಜೊತೆಗೆ ಸ್ಟೀಮ್, ಎಪಿಕ್, ಗಾಗ್ ಹೀಗೆ ಹಲವು ಅಂಗಡಿಗಳ ಪೈಪೋಟಿ ಇರುವುದರಿಂದ ಹಳೆಯ ಆಟಗಳು ಬೇಗ ಅಗ್ಗವಾಗುತ್ತವೆ. ಐದು ವರ್ಷದ ಚಂದಾ ಕೂಡಿಸಿ ನೋಡಿ, ಆಮೇಲೆ ಹೋಲಿಸಿ.

ಡಿಸ್ಕ್ ಡ್ರೈವ್ ಇರುವ ಕನ್ಸೋಲಿಗೆ ಒಂದು ಅನುಕೂಲ ಇದೆ, ಅದನ್ನು ಜನ ಮರೆಯುತ್ತಾರೆ. ಆಟ ಮುಗಿಸಿದ ಮೇಲೆ ಡಿಸ್ಕ್ ಮಾರಬಹುದು, ಗೆಳೆಯರಿಂದ ಎರವಲು ತರಬಹುದು. ಡೌನ್‌ಲೋಡ್ ಮಾಡಿಕೊಂಡ ಆಟಕ್ಕೆ ಇದು ಸಾಧ್ಯವಿಲ್ಲ. 2024ರ ಪ್ಲೇಸ್ಟೇಷನ್ 5 ಪ್ರೋದಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಬೇರೆಯಾಗಿ ಕೊಂಡು ಸೇರಿಸಬೇಕು.

ಕಾದರೆ ಕನ್ಸೋಲ್ ಬೆಲೆ ಇಳಿಯುತ್ತದೆ ಎನ್ನುವುದು ಹಳೆಯ ಲೆಕ್ಕ. ಈ ಪೀಳಿಗೆಯಲ್ಲಿ ಉಲ್ಟಾ ಆಗಿದೆ. ಆಗಸ್ಟ್ 2022ರಲ್ಲೇ ಸೋನಿ ಹಲವು ದೇಶಗಳಲ್ಲಿ ಪ್ಲೇಸ್ಟೇಷನ್ 5ರ ಬೆಲೆ ಏರಿಸಿತು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್ ಬೆಲೆಯೂ ಏರಿ, ಪಿಸಿ ಕಟ್ಟುವವರಿಗೂ ಬಿಸಿ ತಟ್ಟಿತು.

ವಿದ್ಯುತ್ತಿನ ಕಡೆಗೂ ಕಣ್ಣಿರಲಿ. ಡೆಕ್‌ನ ಚಿಪ್ 15 ವಾಟ್, ಪ್ಲೇಸ್ಟೇಷನ್ 5 ದೊಡ್ಡ ಆಟ ಓಡಿಸುವಾಗ ಸುಮಾರು 200 ವಾಟ್, ಆರ್‌ಟಿಎಕ್ಸ್ 5090 ಕಾರ್ಡೊಂದೇ 575 ವಾಟ್. ಅಷ್ಟೂ ವಿದ್ಯುತ್ ಕೊನೆಗೆ ಕೋಣೆಯೊಳಗೆ ಶಾಖವಾಗಿಯೇ ಬರುತ್ತದೆ.

ಕೊಂಡ ಆಟ ಎಷ್ಟು ದಿನ ನಿಮ್ಮದು?

ನಿಂಟೆಂಡೊ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ ಮಾರ್ಚ್ 2023ರಲ್ಲಿ ಮುಚ್ಚಿತು. ಎಕ್ಸ್‌ಬಾಕ್ಸ್ 360ರ ಅಂಗಡಿ ಜುಲೈ 2024ರಲ್ಲಿ ಮುಚ್ಚಿತು. ಪ್ಲೇಸ್ಟೇಷನ್ 3ರ ಡಿಸ್ಕ್ ಪ್ಲೇಸ್ಟೇಷನ್ 5ರಲ್ಲಿ ಓಡುವುದಿಲ್ಲ. ಕನ್ಸೋಲಿಗೆ ಒಂದು ಆಯುಸ್ಸು ಇರುತ್ತದೆ, ಆಟಗಳು ಅದರ ಜೊತೆ ಸಿಕ್ಕಿಕೊಳ್ಳಬಹುದು. ಈ ವಿಷಯದಲ್ಲಿ ಎಕ್ಸ್‌ಬಾಕ್ಸ್ ಒಳ್ಳೆಯ ಕೆಲಸ ಮಾಡಿದೆ, ಸೀರೀಸ್ ಎಕ್ಸ್ ನೂರಾರು ಹಳೆಯ ಆಟಗಳನ್ನು ಓಡಿಸುತ್ತದೆ. ಪಿಸಿಯಲ್ಲಿ ಯಂತ್ರ ಬದಲಾಯಿಸಿದರೂ ಸ್ಟೀಮ್ ಲೈಬ್ರರಿ ಜೊತೆಗೆ ಬರುತ್ತದೆ. ಗಾಗ್‌ನಲ್ಲಿ ಕೊಂಡರೆ ಇನ್‌ಸ್ಟಾಲರನ್ನೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಹಳೆಯ ಆಟಗಳನ್ನು ಜೋಪಾನ ಮಾಡುವವರಿಗೆ ಪಿಸಿಗೆ ಸಮ ಬೇರೆ ಇಲ್ಲ.

ಆದರೆ ಸದಾ ಸರ್ವರ್ ಬೇಡುವ ಆಟಕ್ಕೆ ಇದು ಯಾವುದೂ ಕಾವಲಲ್ಲ. ‘ದ ಕ್ರೂ’ ಆಟದ ಸರ್ವರುಗಳನ್ನು ಮಾರ್ಚ್ 2024ರ ಕೊನೆಯಲ್ಲಿ ನಿಲ್ಲಿಸಿದಾಗ ಪಿಸಿ, ಕನ್ಸೋಲ್, ಡಿಸ್ಕ್, ಡೌನ್‌ಲೋಡ್ ಎಲ್ಲವೂ ಒಂದೇ ದಿನ ಸತ್ತವು. ಒಬ್ಬರೇ ಆಡಬಹುದಾಗಿದ್ದ ಭಾಗವೂ ಹೋಯಿತು. ಹಣ ಕೊಟ್ಟವರಿಗೆ ಇದು ಅನ್ಯಾಯ ಎಂದೇ ನಾನು ನಂಬುತ್ತೇನೆ.

ತಂದ ಮೇಲೆ ಮಾಡಬೇಕಾದ್ದು

ಏನೇ ತಗೊಂಡರೂ ಮೊದಲ ದಿನ ಪರದೆಯ ಸೆಟ್ಟಿಂಗ್ ನೋಡಿ. ಕನ್ಸೋಲ್ ಅಥವಾ ಪಿಸಿಯನ್ನು ಟಿವಿಗೆ ಜೋಡಿಸಿದರೆ ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಪ್ರತಿ ಚಿತ್ರವನ್ನೂ ತಿದ್ದಲು ಸಮಯ ತಗೊಂಡು, ನೀವು ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕೈ ಎತ್ತಿದ್ದಕ್ಕೂ ನಡುವೆ ಅಂತರ ಬರುತ್ತದೆ. 4ಕೆ 120 ಹರ್ಟ್ಸ್ ಬೇಕಾದರೆ ಎಚ್‌ಡಿಎಂಐ 2.1 ಪೋರ್ಟಿಗೇ ಹಾಕಬೇಕು. ಎಷ್ಟೋ ಟಿವಿಗಳಲ್ಲಿ ಎಲ್ಲ ಪೋರ್ಟುಗಳೂ ಅಂಥವಲ್ಲ. ವಿಂಡೋಸ್ ಪಿಸಿಯಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಭಾಗಕ್ಕೆ ಹೋಗಿ ರಿಫ್ರೆಶ್ ರೇಟ್ ನೋಡಿ. 144 ಹರ್ಟ್ಸ್ ಮಾನಿಟರ್ ತಂದು, ಅದು 60ರಲ್ಲೇ ನಿಂತಿರುವುದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಆಡುವವರು ಇದ್ದಾರೆ.